ಟೇಪಿನ ಕಿವಿ

"ಮುಟ್ಟಬೇಡಿ!"

ಬರ್ನಿ ಸಾಬೊಲ್‌ಳ ಕೈ ಗಾಜಿನ ಪೆಟ್ಟಿಗೆಯ ಮೇಲೆ ಅರ್ಧದಲ್ಲೇ ನಿಂತಿತು. ಕೂಗಿದವನು ಹರಾಜು ನಡೆಸುವ ವೆಂಡೆಲ್ ಪ್ರಾಥರ್. ಆ ಕೂಗು ಕೇಳಿದವರು, ಯಾರೋ ಅವನ ತೊಟ್ಟಿಲ ಕೂಸನ್ನೇ ಎತ್ತಿಕೊಂಡು ಹೊರಟಿದ್ದಾರೆ ಅಂದುಕೊಳ್ಳಬೇಕು.

"ನಾನು ಮುಟ್ಟಿದ್ದು ಗಾಜನ್ನ, ಮಿಸ್ಟರ್ ಪ್ರಾಥರ್. ಕಾರ್ಡನ್ನಲ್ಲ."

"ಗಾಜಿನ ಮೇಲೆ ಬೆರಳಿನ ಗುರುತು ಬಿದ್ರೆ ಕಾರ್ಡಿನ ಮೂಲೆ ಸರಿಯಾಗಿ ಕಾಣಲ್ಲ. ಮೂಲೆ ಕಾಣದೆ ಹೋದ್ರೆ ಯಾರ್ರೀ ಬೆಲೆ ಕೂಗ್ತಾರೆ?"

ಮೂಲೆ. ಮತ್ತೆ ಮೂಲೆ. ಒಂದು ವಾರದಿಂದ ಬರ್ನಿಯ ಕಿವಿಗೆ ಬೇರೆ ಮಾತೇ ಬಿದ್ದಿರಲಿಲ್ಲ. ಮೂಲೆ ಚೂಪಾಗಿದೆಯೇ, ಮೊಂಡಾಗಿದೆಯೇ, ಮುಕ್ಕಾಗಿದೆಯೇ. ಅವಳ ಕಸುಬು ವಿಮಾ ಕಂಪನಿಗಳಿಗಾಗಿ ಸುಳ್ಳು ಬೆನ್ನುನೋವಿನವರ ಬೆನ್ನು ಹತ್ತುವುದು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ ಬೌಲಿಂಗ್ ಆಡುವವನ ಫೋಟೊ ತೆಗೆದುಕೊಟ್ಟರೆ ಕೆಲಸ ಮುಗಿಯಿತು. ಆ ಸುಳ್ಳರು ಎಷ್ಟೋ ವಾಸಿ ಅಂತ ಈಗ ಅನ್ನಿಸುತ್ತಿತ್ತು. ಅವರ ಸುಳ್ಳಿಗೆ ಕನಿಷ್ಠ ಒಂದು ಬೆನ್ನಾದರೂ ಇರುತ್ತಿತ್ತು.

ಈ ಸಲ ಮಾತ್ರ ಕೈ ತೊಳೆದುಕೊಂಡು ಎದ್ದು ಹೋಗುವ ಹಾಗಿರಲಿಲ್ಲ. ಕಳೆದ ಶುಕ್ರವಾರ ಯಂಗ್ಸ್‌ಟೌನಿನ ಇದೇ ಚರ್ಚಿನ ನೆಲಮಾಳಿಗೆಯಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೇ ಕಾರ್ಡುಗಳ ಅದಲುಬದಲು ನಡೆದಿದ್ದಾಗ, ಮುದುಕ ಸ್ಟೀವ್ ಯುರ್ಚಿಕ್‌ನ ಆಲ್ಬಮ್ಮಿನಿಂದ ಒಂದು ಕಾರ್ಡು ಕಾಣೆಯಾಗಿತ್ತು. ಅವನ ಮೇಜಿನೆದುರು ಕೊನೆಗೆ ಕೂತು, ಜಗಳವಾಡಿ, ಕುರ್ಚಿ ಒದ್ದು ಹೋದವನು ಬರ್ನಿಯ ತಮ್ಮ ಲೆನ್ನಿ. ಲೆನ್ನಿ ಪೆರೋಲಿನ ಮೇಲೆ ಹೊರಗಿದ್ದ. ಕದ್ದವನು ಅವನೇ ಅಂತಾದರೆ ಉಳಿದ ಶಿಕ್ಷೆಗೆ ಮತ್ತೆ ಒಳಗೆ.

ಈಗ ಅದೇ ಆಟಗಾರನ ಕಾರ್ಡು ಪ್ರಾಥರ್‌ನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಸ್ಟೋಕರ್ಸ್ ಬೇಸ್‌ಬಾಲ್ ತಂಡದ ಕ್ಯಾಚರ್ ಡಚ್ ವೊಯ್ನಾರ್. ಚಪ್ಪಟೆ ಮುಖ, ಮುಚ್ಚಿದ ಕಣ್ಣು. ಫೋಟೊ ತೆಗೆಯುವಾಗ ಕಣ್ಣು ಮಿಟುಕಿಸಿದ್ದನಂತೆ. ಯಾರೂ ಎರಡನೇ ಸಲ ತೆಗೆಯುವ ಗೋಜಿಗೆ ಹೋಗಿರಲಿಲ್ಲ. ಸ್ಟೋಕರ್ಸ್ ಅಂದರೆ ಅಂಥ ತಂಡ. ಇದ್ದದ್ದು ಕೆಲವೇ ವರ್ಷ, ಸೋತದ್ದು ಬೆರಳೆಣಿಕೆಗೆ ಸಿಗದಷ್ಟು. ಅವರು ಆಡುತ್ತಿದ್ದ ಮೈದಾನದಲ್ಲಿ ಈಗ ಹಳೇ ಟೈರುಗಳ ರಾಶಿ ಬಿದ್ದಿದೆ. ಊರಿನ ಅರ್ಧ ಗಂಡಸರು ಇನ್ನೂ ಆ ತಂಡದ ಟೋಪಿ ಹಾಕಿಕೊಂಡೇ ಓಡಾಡುತ್ತಾರೆ.

"ಇನ್ನೂ ಶುರುವಾಗಿಲ್ವಾ ನಿಮ್ಮ ಪರೀಕ್ಷೆ?" ಬಾಗಿಲಿಗೆ ಒರಗಿ ನಿಂತಿದ್ದ ಸಾರ್ಜೆಂಟ್ ಪಾಲ್ಮಿಯೇರಿ ಆಕಳಿಸಿದ. "ಬರ್ನಿ, ನೀನು ನನ್ನ ಹಳೇ ಸ್ನೇಹಿತೆ ಅಂತ ಬಂದಿದೀನಿ. ಇಲ್ದಿದ್ರೆ ನಿನ್ನ ತಮ್ಮನ್ನ ಬೆಳಿಗ್ಗೆನೇ ಎತ್ತಾಕ್ಕೊಂಡು ಹೋಗ್ತಿದ್ದೆ."

"ಒಂದು ಮಾತು ಹೇಳು. ಕದ್ದ ಮಾಲನ್ನ ಅದೇ ಊರಲ್ಲಿ, ಅದೇ ಹಾಲಲ್ಲಿ ಹರಾಜಿಗೆ ಇಡೋವಷ್ಟು ದಡ್ಡ ಯಾರಿದಾನೆ?"

"ನಿನ್ನ ತಮ್ಮ."

ಲೆನ್ನಿ ಒಳಗೆ ಹೋದದ್ದೇ ಖಾಲಿ ಮನೆಯ ತಾಮ್ರದ ಕೊಳವೆ ಕಿತ್ತು, ಅದೇ ಮನೆಯ ಮಾಲೀಕನ ಗುಜರಿಗೆ ಮಾರಲು ಹೋಗಿ.

ಅಡುಗೆಮನೆಯ ಕಿಟಕಿಯಿಂದ ಒಂದು ತಟ್ಟೆ ಚಾಚಿಕೊಂಡಿತು. ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬು, ಮೇಲೆ ಬೆಣ್ಣೆಯಲ್ಲಿ ಕೆಂಪಗಾದ ಈರುಳ್ಳಿ. ತಟ್ಟೆಯ ಹಿಂದೆ ಸ್ಟೀವ್ ಯುರ್ಚಿಕ್‌ನ ಹೆಂಡತಿ ಐರೀನ್. ಈ ಚರ್ಚಿನಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಹರಾಜಾಗಲಿ, ಪಿಯರೋಗಿ ಅವಳದ್ದೇ.

"ತಿನ್ನು ಮಗಳೇ. ಹೊಟ್ಟೆ ತುಂಬಿದ್ರೆ ಇವರ ಮಾತು ತಡ್ಕೋಬಹುದು. ನಾನು ಮದುವೆಯಾದಾಗಿಂದ ಬದುಕಿರೋದೇ ಹಾಗೆ."

"ನಿಮಗೆ ಸಾಕಾಗಿಲ್ವಾ ಐರೀನ್?"

"ಸಾಕಾ? ನಮ್ಮನೆ ಸೋಫಾ ಹರಿದು ಸ್ಪ್ರಿಂಗು ಹೊರಗೆ ಬಂದಿದೆ. ಆ ಕಾರ್ಡುಗಳಿಗೆ ಮಾತ್ರ ಒಳಗೊಂದು ಪ್ಲಾಸ್ಟಿಕ್ಕಿನ ಅಂಗಿ, ಹೊರಗೊಂದು ಕೋಟು. ನಾನು ಆಸ್ಪತ್ರೇಲಿ ಮಲಗಿದ್ದಾಗ ಈ ಮನುಷ್ಯ ನೋಡೋಕೆ ಬಂದ. ಕಂಕುಳಲ್ಲಿ ಆಲ್ಬಮ್ಮು. ಅದನ್ನ ಮನೇಲಿ ಒಂಟಿಯಾಗಿ ಬಿಡೋಕಾಗಲ್ವಂತೆ." ಅವಳು ಇನ್ನೊಂದು ತಟ್ಟೆಗೆ ತುಂಬತೊಡಗಿದಳು. "ಲೆನ್ನಿ ಎಲ್ಲಿ? ತಿಂದ್ನಾ?"

"ಕಾರಲ್ಲಿ ಕೂತಿದಾನೆ. ಇಳಿದ್ರೆ ಕಾಲು ಮುರೀತೀನಿ ಅಂದಿದೀನಿ."

"ಪಾಪ. ನಾನೇ ಕೊಟ್ಟು ಬರ್ತೀನಿ." ಏಪ್ರನ್ ಬಿಚ್ಚದೆಯೇ ಅವಳು ಹಿಂಬಾಗಿಲಿನಿಂದ ಹೊರಟಳು.

ಸ್ಟೀವ್ ಯುರ್ಚಿಕ್ ಆಲ್ಬಮ್ಮನ್ನು ಎದೆಗೊತ್ತಿಕೊಂಡು ಮೆಲ್ಲಗೆ ಬಂದ. ಅವನ ಹಿಂದೆ ಕಾರ್ಡು ಕೂಡಿಡುವವರ ಸಂಘದ ಏಳೆಂಟು ಜನ, ಶವಯಾತ್ರೆಯ ಹಾಗೆ. ಒಬ್ಬನ ಕುತ್ತಿಗೆಯಲ್ಲಿ ಭೂತಗನ್ನಡಿ ನೇತಾಡುತ್ತಿತ್ತು.

ಬರ್ನಿಯ ಯೋಚನೆ ಸರಳವಾಗಿತ್ತು. ಸ್ಟೋಕರ್ಸ್ ಕಾರ್ಡುಗಳು ಅಂಗಡಿಯಲ್ಲಿ ಮಾರಿದವಲ್ಲ. ಸಾಸೇಜಿನ ಡಬ್ಬಿಯ ಹಿಂಬದಿಗೆ ಇಬ್ಬಿಬ್ಬರು ಆಟಗಾರರನ್ನು ಅಕ್ಕಪಕ್ಕ ಅಚ್ಚು ಹಾಕಿರುತ್ತಿದ್ದರು. ಮನೆಯ ಮಕ್ಕಳೇ ಕತ್ತರಿಸಿಕೊಳ್ಳಬೇಕಿತ್ತು. ಯಾವ ಮಗುವಿನ ಕತ್ತರಿಯೂ ನೆಟ್ಟಗೆ ಹೋಗುವುದಿಲ್ಲ. ವೊಯ್ನಾರ್‌ನ ಪಕ್ಕದಲ್ಲಿ ಇದ್ದವನು ಚೆಂಡೆಸೆಯುವ ಪಿಚರ್ ಎಲ್ಮರ್ ಸ್ಟ್ರೌಡ್. ಆ ಸ್ಟ್ರೌಡ್ ಇನ್ನೂ ಯುರ್ಚಿಕ್‌ನ ಆಲ್ಬಮ್ಮಿನಲ್ಲಿದ್ದ. ಎರಡರ ಅಂಚು ಕೂಡಿಸಿ ನೋಡಿದರೆ, ಇದು ಮುದುಕನ ಕಾರ್ಡೋ ಬೇರೆ ಮನೆಯದೋ ಗೊತ್ತಾಗುತ್ತದೆ. ಬೇರೆ ಮನೆಯದಾದರೆ ಲೆನ್ನಿ ಬಚಾವು.

ಇಷ್ಟನ್ನು ಹೇಳಲು ಅವಳಿಗೆ ಒಂದು ನಿಮಿಷ ಸಾಕಾಗಿತ್ತು. ಅವರು ಚರ್ಚಿಸಲು ತೆಗೆದುಕೊಂಡ ಹೊತ್ತಿಗೆ ಅವಳ ಪಿಯರೋಗಿ ತಣ್ಣಗಾಯಿತು.

"ತೆಗೆಯೋಕಾಗಲ್ಲ," ಅಂದ ಪ್ರಾಥರ್. "ಬಂದ ಹೊದಿಕೆಯಲ್ಲೇ ಇದೆ. ಒಂದ್ಸಲ ತೆಗೆದ್ರೆ ಒಂದ್ಸಲದ ಅಪಾಯ."

"ತೆಗೆಯದೇನೇ ಪಕ್ಕಕ್ಕಿಟ್ಟು ನೋಡಿ," ಅಂದ ಭೂತಗನ್ನಡಿಯವನು.

"ಮಧ್ಯೆ ಪ್ಲಾಸ್ಟಿಕ್ಕಿನ ದಡ ಬರುತ್ತಲ್ಲಯ್ಯ."

"ಹಾಗಾದ್ರೆ ಬೆಳಕಿಗೆ ಹಿಡಿದು ನೋಡಿ."

"ಬಿಸಿಲು ಬಿದ್ರೆ ಬಣ್ಣ ಹೋಗಲ್ವೇನಯ್ಯ?"

"ನೆಲಮಾಳಿಗೇಲಿ ಎಲ್ಲಿಂದ ಬಂತಯ್ಯ ಬಿಸಿಲು?"

"ಸಾಕು!" ಬರ್ನಿ ಮೇಜು ಕುಟ್ಟಿದಳು. ಏಳೆಂಟು ಕೈಗಳು ಒಟ್ಟಿಗೆ ಕಾರ್ಡಿನ ರಕ್ಷಣೆಗೆ ಚಾಚಿದವು. "ಒಬ್ಬ ಮನುಷ್ಯ ಜೈಲಿಗೆ ಹೋಗ್ತಾನೆ. ಮನುಷ್ಯ. ಅವನಿಗೂ ಮೂಲೆಗಳಿವೆ ಅಂದ್ಕೊಳ್ಳಿ, ಬೇಕಾದ್ರೆ. ತೆಗೀರಿ ಹೊರಗೆ."

ಪಾಲ್ಮಿಯೇರಿ ಗಂಟಲು ಸರಿಮಾಡಿಕೊಂಡ. ಅವನ ಸೊಂಟದ ಪೊಲೀಸ್ ಬಿಲ್ಲೆ ನೋಡಿ ಪ್ರಾಥರ್ ಪೆಟ್ಟಿಗೆಯ ಬೀಗ ತೆಗೆದ.

ಕಾರ್ಡು ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿತ್ತು. ಹೊದಿಕೆಯ ಬಾಯಿಗೆ ನೀಲಿ ಟೇಪು. ಪ್ರಾಥರ್ ಎರಡು ಬೆರಳಿನಲ್ಲಿ ಟೇಪಿನ ತುದಿ ಹಿಡಿದು ಎಳೆದ. ಒಂದೇ ಎಳೆತಕ್ಕೆ, ಸದ್ದಿಲ್ಲದೆ, ಇಡೀ ಟೇಪು ಎದ್ದು ಬಂತು. ಹೊದಿಕೆಯನ್ನು ಅಂಗೈಗೆ ತಟ್ಟಿದ. ಡಚ್ ವೊಯ್ನಾರ್ ಕಣ್ಣು ಮುಚ್ಚಿಕೊಂಡೇ ಹೊರಗೆ ಜಾರಿದ.

ಯುರ್ಚಿಕ್ ಸ್ಟ್ರೌಡ್‌ನನ್ನು ಪಕ್ಕದಲ್ಲಿಟ್ಟ. ಒಂದಿಷ್ಟು ಸರಿಸಿದ. ಇನ್ನೊಂದಿಷ್ಟು.

ಎರಡು ಅಂಚುಗಳೂ ಕಚ್ಚಿಕೊಂಡವು. ಮೇಲಿನ ಉಬ್ಬಿಗೆ ಮೇಲಿನ ತಗ್ಗು, ಕೆಳಗೆ ಕತ್ತರಿ ದಾರಿ ತಪ್ಪಿದ ಕಡೆ ಪುಟ್ಟ ಹಲ್ಲಿಗೆ ಪುಟ್ಟ ಗುಳಿ. ಪಿಚರನ ಭುಜದಿಂದ ಹೊರಟ ಜಿಡ್ಡಿನ ಕಲೆ ಗಡಿ ದಾಟಿ ಕ್ಯಾಚರನ ಕಾಲಿಗೆ ಇಳಿದಿತ್ತು.

ಭೂತಗನ್ನಡಿಯವನು ಟೋಪಿ ತೆಗೆದ.

"ನಂದು," ಅಂದ ಯುರ್ಚಿಕ್. ಅವನ ದನಿ ಮಗುವಿನದಾಗಿತ್ತು. "ಅಮ್ಮನ ಕತ್ತರಿ. ತಟ್ಟೆ ತೊಳೀತಾ ಇದ್ಲು, ಕೇಳದೇನೇ ತಗೊಂಡಿದ್ದೆ."

ಬರ್ನಿಗೆ ತನ್ನ ಹಣೆಯನ್ನೇ ಆ ಮೇಜಿಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಇಷ್ಟು ದಿನ ಇದು ಕದ್ದ ಕಾರ್ಡು ಅನ್ನುವುದಕ್ಕೆ ಪೊಲೀಸರ ಬಳಿ ಪುರಾವೆ ಇರಲಿಲ್ಲ. ಈಗ ತಾನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು.

"ಚೆನ್ನಾಗಿತ್ತು ಬರ್ನಿ," ಪಾಲ್ಮಿಯೇರಿ ಫೋನು ಹೊರಗೆಳೆದ. "ನಿಜವಾಗ್ಲೂ ಚೆನ್ನಾಗಿತ್ತು. ಅವನ ಪೆರೋಲ್ ಅಧಿಕಾರಿಗೆ ಒಂದು ಮಾತು ಹೇಳಿಬಿಡ್ತೀನಿ."

"ತಡಿ."

"ಇನ್ನೇನು? ಇದಕ್ಕೆ ಅಣ್ಣನೋ ತಮ್ಮನೋ ಇದಾನೇನು, ಅವನ್ನೂ ಪಕ್ಕಕ್ಕಿಟ್ಟು ನೋಡೋಕೆ?"

"ತಡಿ ಅಂದ್ನಲ್ಲ!"

ಅವಳ ಕಣ್ಣು ಕಾರ್ಡಿನ ಮೇಲಿರಲಿಲ್ಲ. ಪ್ರಾಥರ್‌ನ ಬೆರಳಿಗೆ ಇನ್ನೂ ಅಂಟಿಕೊಂಡಿದ್ದ ಟೇಪಿನ ಮೇಲಿತ್ತು. ಟೇಪಿನ ಒಂದು ತುದಿಯನ್ನು ಒಳಕ್ಕೆ ಮಡಿಚಿ, ಅಂಟದ ಹಾಗೆ ಪುಟ್ಟ ಕಿವಿ ಬಿಟ್ಟಿತ್ತು. ಅದನ್ನೇ ಹಿಡಿದು ಅವನು ಎಳೆದದ್ದು.

"ಈ ಕಿವಿ ಮಾಡಿದ್ದು ನೀವಾ?"

"ಬಂದಾಗಲೇ ಇತ್ತು. ಬಂದ ಹೊದಿಕೆ ಅಂತ ಆಗಲೇ ಹೇಳಿದ್ನಲ್ಲ." ಪ್ರಾಥರ್ ಅವಮಾನವಾದವನ ಹಾಗೆ ನೋಡಿದ. "ಮರ್ಯಾದಸ್ಥರು ಹಾಗೇ ಮಾಡೋದು. ಕಿವಿ ಇಲ್ದಿದ್ರೆ ಉಗುರು ಹಾಕಿ ಕೆರೀಬೇಕು. ಕೆರೆದ್ರೆ ಹೊದಿಕೆ ಕುಲುಕುತ್ತೆ, ಕುಲುಕಿದ್ರೆ ಮೂಲೆ..."

"ಮೂಲೆ ಹೋಗುತ್ತೆ. ಗೊತ್ತಾಯ್ತು. ದೇವರಾಣೆ ಗೊತ್ತಾಯ್ತು." ಅವಳು ಸುತ್ತ ನಿಂತವರ ಕಡೆ ತಿರುಗಿದಳು. "ನೀವೇ ಹೇಳಿ. ನನ್ನ ತಮ್ಮ ಕಾರ್ಡು ಕೊಟ್ರೆ ಹೇಗೆ ಕೊಡ್ತಾನೆ?"

ಎಲ್ಲರೂ ಒಟ್ಟಿಗೆ ಶುರು ಮಾಡಿದರು.

"ಅಯ್ಯೋ ಆ ಪ್ರಾಣಿ!"

"ಪಾರ್ಸಲ್ಲಿನ ಕಂದು ಟೇಪು ಸುತ್ತಾನೆ ಕಣ್ರೀ. ಸುತ್ತಿ ಸುತ್ತಿ, ಮುರಿದ ಕಾಲಿಗೆ ಪಟ್ಟಿ ಹಾಕಿದ ಹಾಗೆ."

"ಬಿಚ್ಚೋಕೆ ಕತ್ತರಿ ಬೇಕು. ನಾನು ಕೈ ಕುಯ್ಕೊಂಡಿದೀನಿ."

"ಕ್ರಿಸ್ಮಸ್ಸಿಗೆ ಒಂದು ಕೊಟ್ಟಿದ್ದ," ಅಂದ ಯುರ್ಚಿಕ್. "ಒಳಗೆ ಯಾವ ಆಟಗಾರ ಇದಾನೆ ಅಂತ ಇವತ್ತಿನವರೆಗೂ ನೋಡೋಕಾಗಿಲ್ಲ."

"ಕೇಳಿದ್ಯಾ?" ಬರ್ನಿ ಪಾಲ್ಮಿಯೇರಿಯ ಮುಂದೆ ಬೆರಳಾಡಿಸಿದಳು. "ಇದನ್ನ ಕದ್ದವನು ಕಾರ್ಡುಗಳ ಜೊತೆ ಬಾಳಿದವನು. ಕದಿಯೋವಾಗ್ಲೂ ಮುಂದೆ ಬಿಚ್ಚೋನಿಗೆ ತೊಂದರೆ ಆಗ್ಬಾರ್ದು ಅಂತ ಕಿವಿ ಮಡಿಚಿದಾನೆ. ಕಳ್ಳತನದ ಮಧ್ಯೆನೂ ಶಿಷ್ಟಾಚಾರ! ಲೆನ್ನಿಗೆ ಅಷ್ಟು ತಾಳ್ಮೆ ಇದ್ದಿದ್ರೆ ಅವನು ಇವತ್ತು ಬ್ಯಾಂಕಲ್ಲಿರ್ತಿದ್ದ."

"ಕೋರ್ಟಲ್ಲಿ ನಿಂತು ಇದನ್ನೇ ಹೇಳ್ತೀಯಾ? 'ಸ್ವಾಮಿ, ನನ್ನ ತಮ್ಮನಿಗೆ ಟೇಪು ಅಂಟಿಸೋಕೆ ಬರಲ್ಲ'?"

ನಗು ಎದ್ದಿತು. ಬರ್ನಿ ನಗಲಿಲ್ಲ. ಅವಳು ಪ್ರಾಥರ್‌ನ ಎದುರಿಗೆ ಹೋಗಿ, ಅವನಿಗೂ ತನಗೂ ನಡುವೆ ಒಂದು ಕಾರ್ಡೂ ತೂರದಷ್ಟು ಹತ್ತಿರ ನಿಂತಳು.

"ಯಾರು ತಂದುಕೊಟ್ರು?"

"ಅದನ್ನ ಕೇಳೋ ಹಾಗಿಲ್ಲ."

"ಕೇಳ್ತಾ ಇದೀನಿ."

"ನೋಡಮ್ಮಾ, ಹೊರಗಿನವರು ಕೊಟ್ರೆ ಕಾಗದ ಬರೆಸ್ಕೋತೀನಿ. ನಮ್ಮವರು ಕೊಟ್ರೆ ಕೈ ಕುಲುಕ್ತೀವಿ, ಅಷ್ಟೆ. ಕೈ ಕುಲುಕಿದ ಮೇಲೆ ಹೆಸರು ಆಡೋ ಹಾಗಿಲ್ಲ. ನಮ್ಮಪ್ಪ ಹಾಗೇ ನಡೆಸಿದ, ನಾನೂ ಹಾಗೇ ನಡೆಸೋದು. ಹೆಸರು ಬಿಟ್ಟುಕೊಡ್ತೀನಿ ಅಂತ ಒಂದ್ಸಲ ಗೊತ್ತಾದ್ರೆ ನನ್ನ ಮೇಜಿಗೆ ನೊಣಾನೂ ಬರಲ್ಲ."

"ಅಂದ್ರೆ ಕೊಟ್ಟವರು ನಿಮ್ಮವರು. ಹೊರಗಿನವರಲ್ಲ."

ಪ್ರಾಥರ್‌ನ ದವಡೆ ಬಿಗಿಯಿತು. ಬಾಯಿ ಜಾರಿದ್ದು ಅವನಿಗೇ ಗೊತ್ತಾಗಿತ್ತು.

"ಕದ್ದದ್ದು ಅಂತ ನಿಮಗೆ ಗೊತ್ತಿತ್ತು."

"ಇಲ್ಲ! ಆ ಥರದವರಲ್ಲ ಅವರು. ಕೊಟ್ಟಿದ್ದು ಶನಿವಾರ ಬೆಳಿಗ್ಗೆ, ಆಗಿನ್ನೂ ಯಾರೂ ಕಳುವು ಅಂದಿರ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಹರಾಜಿಗಿಟ್ಟ ಕಾರ್ಡಿನ ಚಿತ್ರ ನಾಲ್ಕು ರಾಜ್ಯಕ್ಕೆ ಹೋಗಿತ್ತು. ಇನ್ನೊಂದು ವೊಯ್ನಾರ್ ಇರಬಹುದು ಅಂದ್ಕೊಂಡೆ. ಇರಲಿ ಅಂತ ದೇವರನ್ನ ಬೇಡ್ಕೊಂಡೆ."

"ಪಾಪ. ನನ್ನ ತಮ್ಮ ಒಳಗೆ ಹೋದ್ರೂ ಪರವಾಗಿಲ್ಲ, ನಿಮ್ಮ ಕೈಕುಲುಕು ಕೆಡಬಾರದು."

"ನಿಮ್ಮ ತಮ್ಮನ ಮಾತೆತ್ತಬೇಡಿ. ನನ್ನ ಪ್ರದರ್ಶನದ ಗಾಜು ಒಡೆದವನು ಅವನು. ನನ್ನ ಬಾಗಿಲ ಮೆಟ್ಟಿಲು ಹತ್ತಿಸಲ್ಲ ಅವನ್ನ. ಅಂಥವನ ಕೈ ಕುಲುಕ್ತೀನಾ ನಾನು? ಲೆನ್ನಿ ಸಾಬೊಲ್ ಅಲ್ಲ ಕೊಟ್ಟಿದ್ದು, ಸಾಕಾ? ಅವನಲ್ಲ!"

ಅಡುಗೆಮನೆಯಲ್ಲಿ ಕುದಿಯುವ ನೀರು ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಬರ್ನಿ ಮೆಲ್ಲಗೆ ಉಸಿರು ಬಿಟ್ಟಳು. ಒಂದು ವಾರ. ಒಂದು ವಾರ ಈ ಜನರ ಹಿಂದೆ ಸುತ್ತಿ, ಜಿಡ್ಡಿನ ಕಲೆಗಳನ್ನು ಮೂಸಿ, ಮೂಲೆಗಳ ಪುರಾಣ ಕೇಳಿ, ಕೊನೆಗೂ ಒಂದು ನಿಜವಾದ ವಾಕ್ಯ ಸಿಕ್ಕಿತ್ತು. ಏಳೆಂಟು ಸಾಕ್ಷಿಗಳ ಎದುರಿಗೆ.

ಪಾಲ್ಮಿಯೇರಿ ಫೋನನ್ನು ಜೇಬಿಗಿಟ್ಟ. "ಸರಿ. ಲೆನ್ನಿ ಅಲ್ಲ. ಹಾಗಾದ್ರೆ ಯಾರು, ಮಿಸ್ಟರ್ ಪ್ರಾಥರ್? ಈಗ ಕೇಳ್ತಾ ಇರೋದು ಬರ್ನಿ ಅಲ್ಲ. ಕದ್ದ ಮಾಲು ನಿಮ್ಮ ಮೇಜಿನ ಮೇಲಿದೆ. ಹೆಸರು ಹೇಳಿ. ಇಲ್ಲಾ ನನ್ನ ಜೊತೆ ಬನ್ನಿ."

ಪ್ರಾಥರ್ ಹಣೆ ಒರೆಸಿಕೊಂಡ. ಸುತ್ತಲಿದ್ದ ಟೋಪಿಗಳನ್ನೆಲ್ಲ ಒಂದು ಸುತ್ತು ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಯುರ್ಚಿಕ್ ಮಾತ್ರ ಎರಡು ಕಾರ್ಡುಗಳ ಮೇಲೆ ಬಾಗಿ, ಸಂದಿಯನ್ನು ಬೆರಳಿನಿಂದ ಸವರುತ್ತಿದ್ದ.

"ನನ್ನಿಂದ ಹೇಳಿಸ್ತಾ ಇದೀರಿ," ಅಂದ ಪ್ರಾಥರ್ ಕೊನೆಗೆ. "ನನ್ನನ್ನ ಬೈಯಬೇಡಿ ಆಮೇಲೆ. ಕೊಟ್ಟವರು ಯಾರು ಅಂದ್ರೆ..."

"ನಾನು."

ಐರೀನ್ ಹೋಗಿದ್ದ ಅದೇ ಹಿಂಬಾಗಿಲಲ್ಲಿ ಲೆನ್ನಿ ನಿಂತಿದ್ದ. ಮೇಲಂಗಿಯ ಗುಂಡಿಗಳನ್ನು ಗಂಟಲವರೆಗೂ ಹಾಕಿಕೊಂಡಿದ್ದ, ಎಲ್ಲಿಗೋ ದೂರ ಹೊರಟವನ ಹಾಗೆ.

"ನಾನೇ ಕದ್ದೆ," ಅಂದ. "ಶುಕ್ರವಾರ. ಮುದುಕ ಕೊಡಲ್ಲ ಅಂದ, ನನಗೆ ತಲೆ ಕೆಟ್ಟಿತು. ಎತ್ಕೊಂಡೆ."

"ಲೆನ್ನಿ, ಬಾಯಿ ಮುಚ್ಚು." ಬರ್ನಿಗೆ ತನ್ನ ದನಿಯೇ ದೂರದಲ್ಲಿ ಕೇಳಿಸಿತು. "ಕಾರಿಗೆ ಹೋಗು. ಈ ಕ್ಷಣ ಕಾರಿಗೆ ಹೋಗು. ನೀನಲ್ಲ ಅಂತ ಈಗಷ್ಟೇ ಇವರೇ ಹೇಳಿದಾರೆ. ಎಲ್ಲರೂ ಕೇಳಿದಾರೆ. ಮುಗೀತು ಕಣೋ!"

"ಅವನು ನನಗೆ ಹೆದರಿ ಸುಳ್ಳು ಹೇಳಿದ."

"ನಿನಗೆ? ಇವನು? ಹೆದರೋದು?"

ಅವಳು ಗಿರ್ರನೆ ಪ್ರಾಥರ್ ಕಡೆ ತಿರುಗಿದಳು. "ಹೇಳಿ. ಮುಗಿಸಿ ನಿಮ್ಮ ಮಾತು. ಕೊಟ್ಟವರು ಯಾರು ಅಂದ್ರೆ, ಅಂದ್ರಲ್ಲ. ಯಾರು?"

ಪ್ರಾಥರ್ ಲೆನ್ನಿಯನ್ನು ನೋಡಿದ. ಅವನ ಗಾಜು ಒಡೆದವನು, ಮೆಟ್ಟಿಲು ಹತ್ತಕೂಡದವನು. ಲೆನ್ನಿ ತಲೆಯನ್ನು ಕಂಡೂ ಕಾಣದಷ್ಟು ಅಲ್ಲಾಡಿಸಿದ. ಆಮೇಲೆ ಪ್ರಾಥರ್‌ನ ನೋಟ ಸ್ಟೀವ್ ಯುರ್ಚಿಕ್‌ನ ಬಾಗಿದ ಬೆನ್ನಿನ ಮೇಲೆ ಬಿತ್ತು, ಅಲ್ಲಿ ನಿಂತಿತು, ಅಲ್ಲಿಂದ ಅಡುಗೆಮನೆಯ ಖಾಲಿ ಕಿಟಕಿಗೆ ಹೋಗಿ ನೆಲಕ್ಕೆ ಇಳಿಯಿತು.

"ಇವನೇ," ಅಂದ. "ಇವನೇ ತಂದುಕೊಟ್ಟಿದ್ದು."

ಬರ್ನಿ ಒಬ್ಬನ ಮುಖದಿಂದ ಇನ್ನೊಬ್ಬನ ಮುಖಕ್ಕೆ ನೋಡಿದಳು. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು ಗಂಡಸರು, ಕಣ್ಣೆದುರಿಗೇ, ಒಂದೇ ಸುಳ್ಳನ್ನು ಎರಡು ಕಡೆಯಿಂದ ಎತ್ತಿ ಹಿಡಿದಿದ್ದರು.

ಪಾಲ್ಮಿಯೇರಿ ನಿಟ್ಟುಸಿರಿಟ್ಟು ಕೈಕೋಳ ತೆಗೆದ. ಲೆನ್ನಿ ತಾನಾಗಿಯೇ ಎರಡೂ ಕೈ ಮುಂದೆ ಮಾಡಿದ. ಬರ್ನಿ ನಡುವೆ ನುಗ್ಗಿ ಅವನ ಕಾಲರು ಹಿಡಿದಳು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಹಾಗೆಯೇ.

"ಯಾರಿಗೋಸ್ಕರ ಕಣೋ? ಯಾರಿಗೋಸ್ಕರ ಸಾಯ್ತಿದೀಯ?"

ಲೆನ್ನಿ ಅವಳ ಕಿವಿಯ ಹತ್ತಿರ ಬಾಗಿದ.

"ಬರ್ನಿ," ಅಂದ, "ಇನ್ನು ಹುಡುಕಬೇಡ. ನೀನು ಹುಡುಕಿದ್ರೆ ಸಿಕ್ಕಿಬಿಡ್ತಾರೆ."